ಹಾಯಿದೋಣಿಯ ಕ್ಯಾಬಿನ್‌ಗೆ ಹಾಸನದಲ್ಲಿ ಹೊಲಿದ ಪರದೆಗಳು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ದೋಣಿ ಇರುವುದು ಕೊಚ್ಚಿಯಲ್ಲಿ, ಬೋಲ್ಗಟ್ಟಿ ದ್ವೀಪದ ಮರೀನಾದಲ್ಲಿ. ಅದರ ಕಿಟಕಿ ಪರದೆಗಳನ್ನು ಹೊಲಿದದ್ದು ಹಾಸನದಲ್ಲಿ, ಬಿ.ಎಂ. ರಸ್ತೆಗೆ ಹತ್ತಿರವಿರುವ ನಮ್ಮ ಸಣ್ಣ ಹೊಲಿಗೆ ಘಟಕದಲ್ಲಿ. ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಗಳ ಕರ್ಟನ್, ತೋಟದ ಮನೆಗಳ ಸೋಫಾ ಕುಶನ್, ಟೆಂಪೋ ಟ್ರಾವೆಲರ್‌ಗಳ ಸೀಟ್ ಕವರ್ ಮತ್ತು ಪರದೆ ನಮ್ಮ ದಿನದ ಕೆಲಸ. ಸಮುದ್ರ ನೋಡಬೇಕಾದರೆ ನಾವು ಶಿರಾಡಿ ಘಾಟಿ ಇಳಿಯಬೇಕು. ಆದರೂ ನಮಗೆ ಮೊದಲೇ ಗೊತ್ತಿದ್ದ ಎರಡು ವಿಷಯ ಈ ಕೆಲಸದಲ್ಲಿ ತುಂಬಾ ಉಪಯೋಗಕ್ಕೆ ಬಂದವು. ಒಂದು ಮಲೆನಾಡಿನ ತೇವ, ಇನ್ನೊಂದು ಬಸ್ಸಿನ ಕಿಟಕಿ.

ದೋಣಿಯ ಮಾಲೀಕರು ಸಕಲೇಶಪುರ ಕಡೆಯವರು. ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು, ಈಗ ಕಾಫಿ ತೋಟ ನೋಡಿಕೊಳ್ಳುತ್ತಾರೆ. ದೋಣಿ 30 ಅಡಿ ಉದ್ದದ ಫೈಬರ್‌ಗ್ಲಾಸ್ ದೋಣಿ, 1980ರ ದಶಕದಲ್ಲಿ ಕಟ್ಟಿದ್ದು. ಕ್ಯಾಬಿನ್‌ನ ಎರಡೂ ಬದಿಯಲ್ಲಿ ಎರಡೆರಡು ಉದ್ದನೆಯ ಕಿಟಕಿಗಳಿವೆ. ಒಂದೊಂದೂ 36 ಇಂಚು ಉದ್ದ, 8 ಇಂಚು ಎತ್ತರ. ಮೂತಿಯ ಕಡೆ ಮಲಗುವ ಜಾಗದಲ್ಲಿ ಇನ್ನೆರಡು ಚಿಕ್ಕ ಕಿಟಕಿ. ಅಡುಗೆ ಒಲೆ ಹಿಂದಿನ ಕಿಟಕಿಯೊಂದರ ಕೆಳಗೇ ಇದೆ.

ಅವರು ಉದ್ದ ಕಿಟಕಿಗಳ ಪರದೆಗಳನ್ನು, ಕಿಟಕಿಗೆ ಎರಡರಂತೆ 8, ಬಿಚ್ಚಿ ಚೀಲದಲ್ಲಿ ತುಂಬಿ ತಂದಿದ್ದರು. ‘ಇದೇ ಅಳತೆಗೆ ಹೊಸ ಬಟ್ಟೇಲಿ ಹೊಲಿದು ಕೊಡಿ, ಸಾಕು’ ಎಂದರು. ಬಹಳ ಜನ ಹೀಗೇ ಕೇಳುತ್ತಾರೆ. ಹೊಲಿಯುವವರಿಗೂ ಅದು ಸುಲಭ. ಆದರೆ ಹಳೆಯದು ಯಾಕೆ ಹಾಳಾಯಿತು ಎಂದು ನೋಡದೆ ನಕಲು ಮಾಡಿದರೆ ಹೊಸದೂ ಅದೇ ಜಾಗದಲ್ಲಿ ಹಾಳಾಗುತ್ತದೆ. ಹಾಗಾಗಿ ಮೊದಲು ಎಂಟನ್ನೂ ಕಟಿಂಗ್ ಮೇಜಿನ ಮೇಲೆ ಹರಡಿದೆವು. ಯಾವುದು ಯಾವ ಕಿಟಕಿಯದ್ದು, ಯಾವ ಮುಖ ಕಿಟಕಿಯ ಕಡೆಗಿತ್ತು ಎಂದು ಅವರನ್ನೇ ಕೇಳಿ ಸೀಮೆಸುಣ್ಣದಲ್ಲಿ ಬರೆದೆವು. ಅವರಿಗೆ ಅದೆಲ್ಲ ನೆನಪಿದ್ದದ್ದು ನಮ್ಮ ಪುಣ್ಯ. ಈ ಗುರುತು ಇಲ್ಲದಿದ್ದರೆ ಮುಂದೆ ಬರೆಯುವ ಅರ್ಧ ವಿಷಯ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಹಳೆಯ ಬಟ್ಟೆಯಲ್ಲಿ ಕಂಡದ್ದು

ನಮ್ಮಲ್ಲಿ ಕಟಿಂಗ್ ಮಾಡುವ ಅಕ್ಕ ಮೊದಲು ಹಾಸನದ ಬೆಡ್‌ಶೀಟ್ ಕಾರ್ಖಾನೆಯಲ್ಲಿ ಬಟ್ಟೆ ಪರೀಕ್ಷೆ ವಿಭಾಗದಲ್ಲಿದ್ದವರು. ಬಟ್ಟೆ ಹಿಡಿದು ಬೆಳಕಿಗೆ ಎತ್ತಿದರೆ ಅವರಿಗೆ ಬಹಳ ಕಾಣುತ್ತದೆ. ಎಡಬದಿಯ ನಾಲ್ಕು ಪರದೆ ಎಳೆದರೆ ತಡೆಯುತ್ತಿದ್ದವು. ಬಲಬದಿಯ ನಾಲ್ಕು ಪರದೆ ಬೆರಳಿಂದ ಎಳೆದರೆ ಹರಿಯುತ್ತಿದ್ದವು. ‘ಸಾರ್, ಇದು ಹರಿದಿರೋದಲ್ಲ, ಬಿಸಿಲಿಗೆ ಸುಟ್ಟಿರೋದು. ದೋಣಿ ಯಾವಾಗಲೂ ಒಂದೇ ಕಡೆ ಮುಖ ಮಾಡಿ ನಿಂತಿರುತ್ತಾ?’ ಎಂದು ಅಕ್ಕ ಕೇಳಿದರು. ಹೌದು, ಒಂದೇ ಜಾಗ, ಒಂದೇ ದಿಕ್ಕು, ಬಲಬದಿ ಪಡುವಣಕ್ಕೆ. ಲಂಗರು ಹಾಕಿದ ದೋಣಿ ಗಾಳಿಗೆ, ನೀರಿನ ಸೆಳೆತಕ್ಕೆ ತಿರುಗುತ್ತಾ ಇರುತ್ತದೆ. ಮರೀನಾದಲ್ಲಿ ಕಟ್ಟಿದ ದೋಣಿ ತಿರುಗುವುದಿಲ್ಲ. ಸಂಜೆ ಬಿಸಿಲು ತಿಂಗಳಾನುಗಟ್ಟಲೆ ಒಂದೇ ಬದಿಯನ್ನು ಸುಡುತ್ತದೆ.

ಆ ಬಲಬದಿಯ ಬಟ್ಟೆಯಲ್ಲೂ ಪಟ್ಟೆ ಪಟ್ಟೆಯಾಗಿ ಬಣ್ಣ ಹೋಗಿತ್ತು. ನೆರಿಗೆಯ ಉಬ್ಬು ಬಿಳಿಚಿತ್ತು, ತಗ್ಗಿನಲ್ಲಿ ಮೊದಲಿನ ನೀಲಿ ಹಾಗೇ ಉಳಿದಿತ್ತು. ಪರದೆಗಳನ್ನು ಎಳೆದು ಮುಚ್ಚಿ ತುಂಬಾ ಕಾಲ ಮುಟ್ಟದೆ ಬಿಟ್ಟರೆ ಮಾತ್ರ ಹೀಗಾಗುತ್ತದೆ. ಇದಕ್ಕೆ ಕಾರಣ ಕಾಫಿ. ಕೇರಳದ ತೀರದಲ್ಲಿ ಹಾಯಿ ಬಿಚ್ಚಲು ಒಳ್ಳೆಯ ಹವೆ ಮಳೆ ನಿಂತ ಮೇಲೆ, ನವೆಂಬರ್‌ನಿಂದ ಬೇಸಿಗೆವರೆಗೆ. ತೋಟದಲ್ಲಿ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ ಕೊಯ್ಲು ಬರುವುದೂ ಆಗಲೇ. ಕೊಯ್ಲು, ಒಣಗಿಸುವ ಕಣ ಬಿಟ್ಟು ಯಾರು ಹೋಗುತ್ತಾರೆ? ದೋಣಿ ಮುಚ್ಚಿದಲ್ಲೇ ಇರುತ್ತಿತ್ತು.

ಹೊಲಿಗೆ ಬಟ್ಟೆಗಿಂತ ಮೊದಲೇ ಸತ್ತಿತ್ತು. ಕಾಟನ್ ದಾರ ತೇವಕ್ಕೆ ಕೊಳೆತಿತ್ತು. ಮಧ್ಯೆ ಯಾರೋ ನೈಲಾನ್ ದಾರದಿಂದ ರಿಪೇರಿ ಮಾಡಿದ್ದರು. ನೈಲಾನ್‌ಗೆ ಬಲವಿದೆ, ಬಿಸಿಲು ಆಗುವುದಿಲ್ಲ. ಅದೂ ಪುಡಿಯಾಗಿತ್ತು. ಮೇಲಂಚಿನಲ್ಲಿ ಕೊಕ್ಕೆ ಇದ್ದ ಕಡೆಯೆಲ್ಲ ತುಕ್ಕಿನ ಕಲೆ. ಆ ಕೊಕ್ಕೆಗಳು ಲೋಹದ ಲೇಪ ಹಾಕಿದ ಕಬ್ಬಿಣದವು, ಮನೆ ಕರ್ಟನ್‌ಗೆ ಹಾಕುವಂಥವು.

ಕಿಟಕಿಯ ಕಡೆಯ ಮುಖದಲ್ಲಿ ಕೆಳಗಿನ ಮೂರು ಬೆರಳಗಲ ಕಪ್ಪು ಬೂಷ್ಟು. ರಾತ್ರಿ ಕ್ಯಾಬಿನ್‌ನಲ್ಲಿ ಮಲಗಿದರೆ ಉಸಿರಿನ ತೇವ ತಣ್ಣನೆಯ ಕಿಟಕಿಗೆ ತಾಗಿ ಹನಿಯಾಗಿ ಇಳಿಯುತ್ತದೆ. ಪರದೆಯ ಕೆಳಂಚು ಅದನ್ನು ಹೀರುತ್ತದೆ. ಅಷ್ಟೇ ಆದರೆ ಹಗಲಿಗೆ ಒಣಗಬೇಕಿತ್ತು. ಒಣಗದೇ ಇದ್ದದ್ದಕ್ಕೆ ಉಪ್ಪು ಕಾರಣ. ಒಂದು ಪರದೆಯನ್ನು ಸ್ವಲ್ಪ ನೀರಲ್ಲಿ ನೆನೆಸಿ ಹಿಂಡಿ, ಆ ನೀರನ್ನು ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗೆ ಇಟ್ಟೆವು. ತಟ್ಟೆಯ ತಳದಲ್ಲಿ ಬಿಳಿ ಹರಳು ಉಳಿಯಿತು. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗಲು ಶುರುಮಾಡುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಜಾಡಿ ನೀರೊಡೆಯುವುದಿಲ್ವಾ, ಆ ಪರದೆಗಳಲ್ಲೂ ಅದೇ ನಡೆದಿತ್ತು. ಸಮುದ್ರದ ಗಾಳಿಯ ಉಪ್ಪು ಬಟ್ಟೆಯಲ್ಲಿ ಸೇರಿ, ಬಟ್ಟೆ ಯಾವತ್ತೂ ಪೂರ್ತಿ ಒಣಗಿರಲೇ ಇಲ್ಲ. ಹಾಗಾಗಿ ದೋಣಿಯ ಪರದೆ ಯಾವ ಬಟ್ಟೆಯದ್ದೇ ಆಗಲಿ, ಸುಲಭವಾಗಿ ಬಿಚ್ಚಿ ಸಿಹಿನೀರಲ್ಲಿ ತೊಳೆಯುವ ಹಾಗಿರಬೇಕು. ಚೆಂದಕ್ಕಿಂತ ಇದು ಮುಖ್ಯ ಎಂದು ಅವತ್ತೇ ತೀರ್ಮಾನ ಮಾಡಿದೆವು.

ಒಂದು ಪರದೆ ಮಾತ್ರ ಬೇರೆ ಥರ

ಎಡಬದಿಯ ಮುಂದಿನ ಕಿಟಕಿಯ ಒಂದು ಪರದೆಯಲ್ಲಿ ಕಂದು ಬಣ್ಣದ ಕಲೆ ಅಲೆ ಅಲೆಯಾಗಿ ಹರಡಿತ್ತು. ಮಾಲೀಕರಿಗೆ ಅದು ಗೊತ್ತಿತ್ತು. ಕಿಟಕಿಯ ಸೀಲ್ ಹೋಗಿದೆ, ಮಳೆ ನೀರು ಒಳಗೆ ಬರುತ್ತಿದೆ, ಹೊರಗಿಂದ ಸಿಲಿಕೋನ್ ಬಳಿದಾಯಿತು, ಆದರೂ ನಿಂತಿಲ್ಲ ಎಂದರು.

ಅಕ್ಕ ಆ ಪರದೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ‘ಸಾರ್, ಕಿಟಕಿಯಿಂದ ನೀರು ಬಂದಿದ್ರೆ ಕಲೆ ಕೆಳಗಡೆ ಜಾಸ್ತಿ ಇರ್ಬೇಕು. ಇದು ಮೇಲಿನ ಮೂಲೆಯಿಂದ ಶುರುವಾಗಿದೆ ನೋಡಿ. ಮಡಿಕೆ ಒಳಗೂ ಇದೆ. ಮೇಲಿಂದಲೇ ತೊಟ್ಟಿಕ್ಕಿರೋದು.’ ಮಾಲೀಕರು ಬಟ್ಟೆಯನ್ನು ಕೈಗೆ ತೆಗೆದುಕೊಂಡು ಸುಮಾರು ಹೊತ್ತು ನೋಡಿದರು. ಆಮೇಲೆ ‘ಸರಿ ಕಣಮ್ಮ, ನೀನು ಹೇಳೋದು ಸರಿ’ ಎಂದರು.

ಮುಂದಿನ ಬಾರಿ ಕೊಚ್ಚಿಗೆ ಹೋದಾಗ ಅವರು ಅದನ್ನು ಕ್ರಮವಾಗಿ ಪರೀಕ್ಷೆ ಮಾಡಿದರು. ಒಳಗೆ ಒಬ್ಬರು ಟಿಶ್ಯೂ ಕಾಗದ ಹಿಡಿದು ಕೂರಬೇಕು, ಹೊರಗೆ ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿಂದ ಶುರುಮಾಡಿ ನಿಧಾನಕ್ಕೆ ಮೇಲೆ ಹೋಗಬೇಕು. ಮೇಲಿಂದ ಶುರುಮಾಡಿದರೆ ನೀರು ಕೆಳಗಿನ ಎಲ್ಲದರ ಮೇಲೂ ಹರಿದು ಎಲ್ಲಿ ಸೋರುತ್ತಿದೆ ಎಂದು ತಿಳಿಯುವುದಿಲ್ಲ. ಕಿಟಕಿಯ ಸುತ್ತ ನೀರು ಬಿಟ್ಟಾಗ ಒಳಗೆ ಒಂದು ಹನಿಯೂ ಬರಲಿಲ್ಲ. ನೀರು ಕ್ಯಾಬಿನ್ ಚಾವಣಿಯ ಹಿಡಿಕಂಬಿಗೆ ತಲುಪಿದಾಗ ಟಿಶ್ಯೂ ಒದ್ದೆಯಾಯಿತು. ಹಿಡಿಕಂಬಿಯ ಒಂದು ಸ್ಕ್ರೂ ಸುತ್ತಲಿನ ಹಳೆಯ ಸೀಲಂಟ್ ಒಣಗಿ ಬಿಟ್ಟಿತ್ತು. ನೀರು ಅಲ್ಲಿಂದ ಇಳಿದು, ಚಾವಣಿಯ ಒಳಹೊದಿಕೆಯ ಹಿಂದೆ ಹರಿದು, ಪರದೆಯ ಟ್ರ್ಯಾಕ್ ಮೇಲೆ ಬೀಳುತ್ತಿತ್ತು. ಸ್ಕ್ರೂ ಬಿಚ್ಚಿ, ತೂತು ಸ್ವಚ್ಛ ಮಾಡಿ, ಪೂರ್ತಿ ಒಣಗಿಸಿ ಹೊಸ ಸೀಲಂಟ್ ಹಾಕಿ ಕೂರಿಸಿದರು.

ಹಳೆಯ ಪರದೆಯನ್ನು ಬಿಸಾಡಿ ಬರೀ ಅಳತೆ ಮಾತ್ರ ತಂದಿದ್ದರೆ ಈ ಸೋರಿಕೆ ಹಾಗೇ ಉಳಿಯುತ್ತಿತ್ತು. ಫೈಬರ್‌ಗ್ಲಾಸ್ ಚಾವಣಿಯ ನಡುವೆ ಮರದ ಪದರ ಇರುವ ದೋಣಿಗಳಲ್ಲಿ ಇಂಥ ನೀರು ಆ ಮರವನ್ನು ಒಳಗಿಂದ ಕೊಳೆಸುತ್ತದೆ. ಅದರ ರಿಪೇರಿ ಮುಂದೆ ಪರದೆಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಅಳತೆ

ನಾವು ದೋಣಿಯನ್ನು ನೋಡಿರಲಿಲ್ಲ. ಹಳೆಯ ಪರದೆಗಳು ಸೊರಗಿ, ಎಳೆದುಕೊಂಡು ಅಳತೆ ತಪ್ಪಿದ್ದವು. ಹಾಗಾಗಿ ಮಾಲೀಕರೇ ಅಳೆದು ತರಬೇಕಾಯಿತು. ಏನನ್ನು ಅಳೆಯಬೇಕು ಎಂದು ನಾವು ಬರೆದು ಕೊಟ್ಟೆವು.

ಮನೆ ಗೋಡೆ ನೆಟ್ಟಗಿರುತ್ತದೆ. ದೋಣಿಯ ಕ್ಯಾಬಿನ್ ಗೋಡೆ ಮೇಲೆ ಹೋದಂತೆ ಒಳಕ್ಕೆ ವಾಲಿರುತ್ತದೆ. ಬರೀ ಮೇಲೆ ಟ್ರ್ಯಾಕ್ ಹಾಕಿ ಪರದೆ ಇಳಿಬಿಟ್ಟರೆ ಅದು ಕಿಟಕಿ ಬಿಟ್ಟು ದೂರ ನೇತಾಡುತ್ತದೆ. ದೋಣಿ ಗಾಳಿಗೆ ವಾಲಿದರೆ ಇನ್ನೂ ದೂರ. ಅದಕ್ಕೇ ಕಿಟಕಿಯ ಮೇಲೂ ಕೆಳಗೂ ಟ್ರ್ಯಾಕ್ ಇರುತ್ತದೆ, ಪರದೆ ಎರಡರ ನಡುವೆ ಓಡಾಡುತ್ತದೆ. ಇದು ನಮಗೆ ಹೊಸದಲ್ಲ. ಟೆಂಪೋ ಟ್ರಾವೆಲರ್, ಸ್ಲೀಪರ್ ಬಸ್ಸುಗಳಲ್ಲೂ ಇದೇ ಏರ್ಪಾಟು, ಅಲ್ಲಿ ಕಾರಣ ರಸ್ತೆಯ ಕುಲುಕಾಟ. ಹೀಗಿರುವಾಗ ಎತ್ತರವನ್ನು ತೂಗುಗುಂಡು ಬಿಟ್ಟ ಹಾಗೆ ಅಳೆಯಬಾರದು. ಟೇಪನ್ನು ಗೋಡೆಗೆ ಒತ್ತಿ, ಗೋಡೆಯ ಓರೆಯಲ್ಲೇ, ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಅಳೆಯಬೇಕು.

ಒಂದೊಂದು ಕಿಟಕಿಗೂ ಎರಡು ತುದಿ ಮತ್ತು ನಡುವೆ, ಮೂರು ಕಡೆ ಅಳೆಯಿರಿ ಎಂದಿದ್ದೆವು. ‘ಅಷ್ಟೆಲ್ಲ ಯಾಕೆ, ಟ್ರ್ಯಾಕ್ ಎರಡೂ ಸಮಾನಾಂತರ ಇದೆ’ ಎಂದರು. ಆದರೂ ಅಳೆದು ಕಳಿಸಿದರು. ಮೂತಿಯ ಕಡೆಯ ತುದಿಯಲ್ಲಿ 10.5 ಇಂಚು ಇದ್ದದ್ದು ಹಿಂಬದಿಗೆ ಬರುವಾಗ 11.5 ಇಂಚು ಆಗಿತ್ತು. ದೋಣಿಯ ಕ್ಯಾಬಿನ್ ಮೂತಿಯ ಕಡೆ ತಗ್ಗುತ್ತಾ ಹೋಗುತ್ತದೆ, ಟ್ರ್ಯಾಕ್‌ಗಳೂ ಅದನ್ನೇ ಹಿಂಬಾಲಿಸಿದ್ದವು. ಕಣ್ಣಿಗೆ ಕಾಣುವುದಿಲ್ಲ. ಎಂಟಕ್ಕೂ ಒಂದೇ ಅಳತೆ ಇಟ್ಟಿದ್ದರೆ ಮುಂದಿನವು ಜೋಲುತ್ತಿದ್ದವು, ಇಲ್ಲವೇ ಹಿಂದಿನವು ಬಿಗಿದು, ಟ್ರ್ಯಾಕ್‌ನಲ್ಲಿ ಜಾರುವ ರನ್ನರ್‌ಗಳು ಸಿಕ್ಕಿಕೊಳ್ಳುತ್ತಿದ್ದವು.

ಬಟ್ಟೆ

ಮಾಲೀಕರ ಮನಸ್ಸಿನಲ್ಲಿದ್ದದ್ದು ಸನ್‌ಬ್ರೆಲಾ ಥರದ ಅಕ್ರಿಲಿಕ್ ಬಟ್ಟೆ. ಅದರ ಬಣ್ಣ ಎಳೆ ತೆಗೆಯುವ ಮೊದಲೇ ಒಳಗೆ ಸೇರಿಸಿದ್ದು, ಹಾಗಾಗಿ ಬಿಸಿಲಿಗೆ ಬೇಗ ಹೋಗುವುದಿಲ್ಲ. ಹಾಯಿಯ ಹೊದಿಕೆಗೆ, ಹೊರಗಿನ ನೆರಳಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ಆದರೆ ಹೊರಗೆ ಹಾಕುವ ಆ ದಪ್ಪ ಬಟ್ಟೆ ಬಿರುಸು. 11 ಇಂಚಿನ ಪರದೆಗೆ ನೆರಿಗೆಯೇ ಕೂರುವುದಿಲ್ಲ. ಸರಿಸಿ ಇಟ್ಟರೆ ಅರ್ಧ ಕಿಟಕಿ ಅದರ ದಪ್ಪಕ್ಕೇ ಹೋಗುತ್ತದೆ.

ಲೈನಿಂಗ್ ಹಾಕಿದ ಕಾಟನ್ ಚೆಂದ ಕಾಣುತ್ತದೆ, ಅದನ್ನೂ ಕೈಬಿಟ್ಟೆವು. ಎರಡು ಪದರದ ನಡುವೆ ತೇವ ನಿಲ್ಲುತ್ತದೆ. ತೊಳೆದಾಗ ಕಾಟನ್ ಒಂದಷ್ಟು ಕುಗ್ಗಿ, ಪಾಲಿಯೆಸ್ಟರ್ ಲೈನಿಂಗ್ ಕುಗ್ಗದೆ ಹೊಲಿಗೆ ಸುಕ್ಕಾಗುತ್ತದೆ. ಹಿಂದೆ ಬಿಳಿ ಲೇಪ ಬಳಿದ ಬ್ಲ್ಯಾಕ್‌ಔಟ್ ಬಟ್ಟೆಯೂ ಬೇಡ ಎಂದೆವು. ಹೋಂಸ್ಟೇಗಳಿಂದ ನಮಗೆ ವಾಪಸ್ ಬರುವ ಕರ್ಟನ್‌ಗಳಲ್ಲಿ ಆ ಲೇಪ ಬಿರಿದು ಉದುರುವುದನ್ನು ನೋಡುತ್ತಲೇ ಇದ್ದೇವೆ.

ಕೊನೆಗೆ ಆರಿಸಿದ್ದು ಡಿಮ್‌ಔಟ್ ಪಾಲಿಯೆಸ್ಟರ್, ತಿಳಿ ಬೂದು ಬಣ್ಣ. ಇದರಲ್ಲಿ ಲೇಪ ಇಲ್ಲ. ನೇಯುವಾಗಲೇ ನಡುವೆ ಕಪ್ಪು ಎಳೆ ಸೇರಿಸಿರುತ್ತಾರೆ, ಬೆಳಕು ಅಲ್ಲೇ ತಡೆಯುತ್ತದೆ. ಎರಡೂ ಮುಖ ಒಂದೇ ಥರ ಕಾಣುವ ಬಟ್ಟೆಯನ್ನೇ ಹುಡುಕಿ ತಂದೆವು. ಪಾಲಿಯೆಸ್ಟರ್ ನೀರು ಹೀರುವುದು ಕಡಿಮೆ, ಬಿಸಿಲಿಗೆ ನೈಲಾನ್‌ಗಿಂತ ಚೆನ್ನಾಗಿ ತಡೆಯುತ್ತದೆ. ಬೂಷ್ಟಿಗೆ ಅದೇ ಆಹಾರ ಅಲ್ಲ. ಮೇಲೆ ಕೂತ ಕೊಳೆ ಆಹಾರ, ಅದನ್ನು ತೊಳೆಯಬಹುದು.

ಬೆಂಕಿಯ ವಿಷಯದಲ್ಲಿ ಮಾತ್ರ ಪಾಲಿಯೆಸ್ಟರ್ ಕೆಟ್ಟದ್ದು. ಸುಮಾರು 260 ಡಿಗ್ರಿಗೆ ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ. ಒಲೆಯ ನೇರಕ್ಕೆ ಬರುವ ಅರ್ಧ ಕಿಟಕಿಗೆ ಪರದೆ ಹೊಲಿಯುವುದಿಲ್ಲ ಎಂದು ಖಡಾಖಂಡಿತ ಹೇಳಿದೆವು. ಅಡುಗೆ ಮಾಡುವಾಗ ತೆಗೆದಿಡುತ್ತೇನೆ ಎಂದು ಅವರು ವಾದ ಮಾಡಿದರು. ದೋಣಿ ಅಲೆಗೆ ಏಳುತ್ತಿರುವಾಗ, ಕೈಯಲ್ಲಿ ಪಾತ್ರೆ ಇರುವಾಗ ಅದು ನೆನಪಾಗುತ್ತದೆ ಎಂದು ನಂಬಲು ನಮಗೆ ಧೈರ್ಯ ಇರಲಿಲ್ಲ. ಆ ಅರ್ಧಕ್ಕೆ ತೆಳು ಪ್ಲೈವುಡ್ ಹಲಗೆ ಮಾಡಿಸಿದರು. ದಡದಲ್ಲಿ ನಿಂತಾಗ ಸಿಕ್ಕಿಸುವುದು, ಒಲೆ ಹಚ್ಚುವ ಮೊದಲು ತೆಗೆಯುವುದು. ಮರೆತರೂ ಹಲಗೆ ಗಾಳಿಗೆ ಹಾರಿ ಉರಿಗೆ ಬೀಳುವುದಿಲ್ಲ.

ಹೊಲಿಗೆ

ಮನೆ ಕರ್ಟನ್‌ಗೆ ಕಿಟಕಿಯ ಅಗಲದ ಎರಡು, ಎರಡೂವರೆ ಪಟ್ಟು ಬಟ್ಟೆ ಇಡುತ್ತೇವೆ. ಇಲ್ಲಿ ಒಂದೂವರೆ ಪಟ್ಟು ಸಾಕು. ಕಿಟಕಿ 36 ಇಂಚು, ಆಚೀಚೆ 2 ಇಂಚು ಸೇರಿ 40, ಅದಕ್ಕೆ 60 ಇಂಚು ಬಟ್ಟೆ, ಅಂದರೆ ಪರದೆಗೆ 30. ಬದಿಯ ಮಡಿಕೆಗೆ 2 ಸೇರಿಸಿ 32. ಎತ್ತರದಲ್ಲಿ ರನ್ನರ್‌ನ ಕತ್ತು ಮೇಲೆ ಕೆಳಗೆ ಸೇರಿ ಅರ್ಧ ಇಂಚು ತಿನ್ನುತ್ತದೆ. ಹಾಗಾಗಿ 11.5 ಇರುವ ಕಡೆ ಪರದೆ 11, ಮೇಲೂ ಕೆಳಗೂ ಒಂದೂವರೆ ಇಂಚಿನ ಎರಡು ಮಡಿಕೆ ಸೇರಿ 14. ಬಟ್ಟೆಯ ಪನ್ನ, ಅಂದರೆ ಅಗಲ, 54 ಇಂಚು. ಅಡ್ಡಕ್ಕೆ 14ರಂತೆ ಮೂರು ಬರುತ್ತವೆ, ಉದ್ದಕ್ಕೆ 32ರಂತೆ ಮೂರು ಸಾಲು, ಒಟ್ಟು 96 ಇಂಚು. ಎರಡೂವರೆ ಮೀಟರ್‌ನಲ್ಲಿ ಮುಗಿಯಿತು. ಪ್ರಿಂಟ್ ಇಲ್ಲದ ಬಟ್ಟೆ ಆದ್ದರಿಂದ ಹೀಗೆ ತಿರುಗಿಸಿ ಕತ್ತರಿಸಲು ಆಯಿತು. ಹೂವಿನ ಪ್ರಿಂಟ್ ಇದ್ದಿದ್ದರೆ ಹೂವೆಲ್ಲ ಅಡ್ಡ ಮಲಗುತ್ತಿದ್ದವು. ಒಂಬತ್ತು ತುಂಡು ಬಂದವು. ಒಲೆಯ ನೇರದ್ದು ಬಿಟ್ಟು ಬೇಕಾದದ್ದು ಏಳು, ಎರಡು ಹೆಚ್ಚುವರಿ. ಉಳಿದ 12 ಇಂಚಿನ ಪಟ್ಟಿಯಲ್ಲಿ ಮೂತಿಯ ಕಡೆಯ ಚಿಕ್ಕ ಕಿಟಕಿಗಳ ಪರದೆ, ಸರಿಸಿದಾಗ ಕಟ್ಟುವ ಪಟ್ಟಿಗಳು ಆದವು. ಬಟ್ಟೆಗಿಂತ ಕೂಲಿ ಜಾಸ್ತಿ ಆದ ಕೆಲಸ ಇದು.

ಅಕ್ಕ ಅಂಚುಗಳನ್ನು ಕತ್ತರಿಯಲ್ಲಿ ಕತ್ತರಿಸಲಿಲ್ಲ. ಗಾಜಿನ ಮೇಲೆ ಬಟ್ಟೆ ಹರಡಿ, ಸ್ಟೀಲ್ ಸ್ಕೇಲ್ ಇಟ್ಟು, ಸಾಲ್ಡರಿಂಗ್ ಕಡ್ಡಿಯಲ್ಲಿ ಎಳೆದರು. ಅಂಚು ಕರಗಿ ಕೂಡಿಕೊಳ್ಳುತ್ತದೆ, ಎಳೆ ಬಿಚ್ಚುವುದಿಲ್ಲ. ಹೊಗೆ ಬರುತ್ತದೆ, ಬಾಗಿಲು ಕಿಟಕಿ ತೆರೆದಿರಬೇಕು. ದಾರ ಪಾಲಿಯೆಸ್ಟರ್, ಸೂಜಿ 16 ನಂಬರ್, ಹೊಲಿಗೆ ಸ್ವಲ್ಪ ಉದ್ದ. ಹತ್ತಿರ ಹತ್ತಿರ ಹೊಲಿದರೆ ಬಲ ಅಂದುಕೊಳ್ಳುತ್ತಾರೆ, ಒತ್ತೊತ್ತು ತೂತಿನ ಸಾಲಿನಲ್ಲೇ ಬಟ್ಟೆ ಬಿಡುತ್ತದೆ.

ರನ್ನರ್‌ಗಳು ಬಸ್ ಪರದೆಗೆ ಹಾಕುವ ಪ್ಲಾಸ್ಟಿಕ್‌ನವೇ. ಹಳೆಯ ಟ್ರ್ಯಾಕ್‌ನ ಒಂದು ತುಂಡು ತರಿಸಿ ಅದರಲ್ಲಿ ಓಡಿಸಿ ನೋಡಿಯೇ ಆರಿಸಿದೆವು. ಈ ಪರದೆಗಳಲ್ಲಿ ಲೋಹ ಎಲ್ಲೂ ಇಲ್ಲ. ಟ್ರ್ಯಾಕ್ ಅಲ್ಯೂಮಿನಿಯಂ, ಅದನ್ನು ಹಿಡಿದಿದ್ದ ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್. ಎರಡು ಬೇರೆ ಲೋಹ ತಾಗಿ, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಪ್ರತಿ ಸ್ಕ್ರೂ ಸುತ್ತ ಅದೇ ಆಗಿತ್ತು. ಟ್ರ್ಯಾಕ್ ಇನ್ನೂ ಗಟ್ಟಿಯಿತ್ತು. ತೊಳೆದು, ನೈಲಾನ್ ವಾಷರ್ ಇಟ್ಟು, ಗ್ರೀಸ್ ಸವರಿ ಅದೇ ತೂತುಗಳಲ್ಲಿ ಕೂರಿಸಿದರು. ರನ್ನರ್ ಜಾರಲು ಟ್ರ್ಯಾಕ್ ಒಳಗೆ ಮೇಣದಬತ್ತಿ ಉಜ್ಜಿದರೆ ಸಾಕಾಯಿತು.

ಮೂತಿಯ ಕಡೆಯ ಚಿಕ್ಕ ಕಿಟಕಿಗೆ ಟ್ರ್ಯಾಕ್ ಇರಲಿಲ್ಲ. ಅಲ್ಲಿ ಟಿಚ್ ಬಟನ್ ಹಾಕೋಣ ಎಂದೆವು. ಫೈಬರ್‌ಗೆ ಹೊಸ ತೂತು ಬೇಡ ಎಂದು ಅವರು ಅಂಟು ವೆಲ್ಕ್ರೋ ಕೇಳಿದರು. ಅವರ ಮಾತಲ್ಲೂ ಅರ್ಥವಿತ್ತು, ಒಪ್ಪಿದೆವು.

ಕಿಟಕಿಯ ಬಗ್ಗೆ ಒಂದು ಮಾತು. ದೋಣಿಯ ಕಿಟಕಿಗಳು ಹೆಚ್ಚಾಗಿ ಅಕ್ರಿಲಿಕ್ ಹಾಳೆ, ಗಾಜಲ್ಲ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಹಾಕಿದರೆ ಅದರಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಒಂದು ಮಳೆಗಾಲ ಕಳೆದ ಮೇಲೆ

ಮಾಲೀಕರು ಪರದೆಗಳನ್ನು ಏಪ್ರಿಲ್‌ನಲ್ಲಿ ಹಾಕಿದ್ದರು. ಮಳೆಗಾಲ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ನಮಗೆ ತೋರಿಸಲು ತಂದರು. ನಾವು ಕೇಳಿಕೊಂಡಿದ್ದಕ್ಕೆ ತೊಳೆಯದೇ ತಂದಿದ್ದರು. ಮೇಲಂಚಿನಲ್ಲಿ ತುಕ್ಕಿಲ್ಲ, ಹೊಲಿಗೆ ಎಲ್ಲೂ ಬಿಟ್ಟಿಲ್ಲ. ಸೋರುತ್ತಿದ್ದ ಕಡೆಯ ಪರದೆಯಲ್ಲಿ ಕಲೆ ಇಲ್ಲ. ಕೆಳಂಚಿನಲ್ಲಿ ಅಲ್ಲಲ್ಲಿ ಬೂಷ್ಟಿನ ಚುಕ್ಕಿ ಇತ್ತು, ಸೋಪಿನ ನೀರಲ್ಲಿ ಉಜ್ಜಿದಾಗ ಹೋಯಿತು. ಅಕ್ಕ ಬಲಬದಿಯ ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆದು ನೋಡಿದರು. ಬಲ ಹಾಗೇ ಇತ್ತು.

ವೆಲ್ಕ್ರೋ ನಿಂತಿರಲಿಲ್ಲ. ಮುಚ್ಚಿದ ಕ್ಯಾಬಿನ್‌ನ ಬಿಸಿಗೆ ಅದರ ಅಂಟು ಮೆತ್ತಗಾಗಿ ಪರದೆ ಸಮೇತ ಹಾಸಿಗೆ ಮೇಲೆ ಬಿದ್ದಿತ್ತು. ಈಗ ಅಲ್ಲಿ ತೆಳು ಮರದ ಪಟ್ಟಿಯೊಂದನ್ನು ಎಪಾಕ್ಸಿಯಲ್ಲಿ ಅಂಟಿಸಿ, ಆ ಪಟ್ಟಿಗೆ ಟಿಚ್ ಬಟನ್ ಹಾಕಿದ್ದಾರೆ. ಫೈಬರ್‌ಗೆ ತೂತು ಬೀಳಲಿಲ್ಲ, ಬಟನ್ನೂ ಆಯಿತು.

ಇನ್ನೊಂದು ಏರ್ಪಾಟು ಮಾಡಿದ್ದೇವೆ. ಬಟ್ಟೆಯ ಎರಡೂ ಮುಖ ಒಂದೇ, ರನ್ನರ್ ಟೇಪ್ ಅಂಚಿನ ಸರಿನಡುವೆ ಇದೆ. ಹಾಗಾಗಿ ಎಡಬದಿಯ ಪರದೆಯನ್ನು ಮಗುಚಿದರೆ ಬಲಬದಿಯ ಅದೇ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಪ್ರತಿ ಪರದೆಯ ಮಡಿಕೆಯಲ್ಲಿ ಅದರ ಜಾಗದ ನಂಬರ್ ಹೊಲಿದಿದ್ದೇವೆ. ವರ್ಷಕ್ಕೊಮ್ಮೆ ಮಳೆಗಾಲ ಕಳೆದು, ಕೊಯ್ಲು ಶುರುವಾಗುವ ಮೊದಲು, ಸಿಹಿನೀರಲ್ಲಿ ತೊಳೆದು, ಒಲೆಯ ಎದುರುಬದಿಯ ಒಂದನ್ನು ಬಿಟ್ಟು ಉಳಿದವನ್ನು ಎಡಬಲ ಅದಲುಬದಲು ಮಾಡಬೇಕು. ಮೊದಲ ಅದಲುಬದಲು ಆಗಿದೆ. ಹೆಚ್ಚುವರಿ ಎರಡು ತುಂಡು ಹೊಲಿಯದೆ ನಮ್ಮ ಕಪಾಟಿನಲ್ಲೇ ಇವೆ. ಯಾವುದಾದರೂ ಒಂದು ಕೆಟ್ಟರೆ ಆ ಜಾಗದ ಅಳತೆಗೆ ಓರೆ ಕತ್ತರಿಸಿ ಕಳಿಸುತ್ತೇವೆ.